ಮನಸ್ಸಿನ ಕಾಯಿಲೆಯ ಕಿರುಚಿತ್ರಕ್ಕೆ ದುಡ್ಡು ಹೊಂದಿಸುವ ಬಗೆ: ಕೋಲಾರ ಸೀಮೆಯವರಿಗೆ

“ಒಂದು ಕಿರುಚಿತ್ರ ಮಾಡ್ತಿದೀವಿ ಸಾರ್, ಸ್ವಲ್ಪ ಸಹಾಯ ಮಾಡಿ” ಎಂದು ಹೋದವರು ನರಸಾಪುರದ ಕಾರ್ಖಾನೆ ಗೇಟಿನಲ್ಲೇ ಅರ್ಜಿ ಕೊಟ್ಟು ವಾಪಸು ಬರುತ್ತಾರೆ. “ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕಿನ 20 ಊರುಗಳಲ್ಲಿ ಬಾಣಂತಿ ಸನ್ನಿ ಬಗ್ಗೆ ಸಭೆ ನಡೆಸ್ತೀವಿ, ಆ ಸಭೆಗೆ 12 ನಿಮಿಷದ ಚಿತ್ರವೂ ಬೇಕು” ಎಂದವರಿಗೆ ಒಳಗೆ ಕುರ್ಚಿ ಸಿಗುತ್ತದೆ. ಕ್ಯಾಮೆರಾ ಅದೇ, ಕತೆ ಅದೇ, ಆಗುವ ಖರ್ಚೂ ಹೆಚ್ಚುಕಡಿಮೆ ಅದೇ. ಚಿತ್ರವನ್ನು ಸಭೆಗಳ ಲೆಕ್ಕದೊಳಗೆ ಒಂದು ಬಾಬ್ತಾಗಿ ಸೇರಿಸಿ ದುಡ್ಡು ಕೇಳುವುದು ಹೇಗೆ ಎಂಬುದೇ ಮುಂದಿನದು.

ವಿಷಯ ಕಿರಿದಾಗಲಿ

‘ಮಾನಸಿಕ ಆರೋಗ್ಯ ಜಾಗೃತಿ’ ಎಂದು ಬರೆದ ಅರ್ಜಿಯನ್ನು ಓದುವವರಿಗೆ ಕಣ್ಣ ಮುಂದೆ ಏನೂ ಬರುವುದಿಲ್ಲ. ಒಂದು ಕಾಯಿಲೆ, ಒಂದು ಬಗೆಯ ಮನೆ, ಒಂದು ತಪ್ಪು ತಿಳಿವಳಿಕೆ ಎಂದು ಹಿಡಿದುಕೊಳ್ಳಿ. ಬಾಣಂತಿ ಸನ್ನಿಯನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದಕ್ಕೆ ಕಾರಣವಿದೆ. ಹೆರಿಗೆಯಾದ ಮೊದಲ ಎರಡು ವಾರಗಳಲ್ಲೇ ಸಾಮಾನ್ಯವಾಗಿ ಕಾಣಿಸಿಕೊಳ್ಳುವ, ತುರ್ತಾಗಿ ಆಸ್ಪತ್ರೆಗೆ ಹೋಗಬೇಕಾದ, ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ ಅದು. ಊರವರ ಬಾಯಲ್ಲಿ ಆಗಲೇ ಹೆಸರಿದೆ. ಜೊತೆಗೆ ‘ಗಾಳಿ ಸೋಕಿದೆ’ ಎಂಬ ಮಾತೂ ಇದೆ. ಬಾಣಂತಿ ಮನೆಗೆ ಆಶಾ ಕಾರ್ಯಕರ್ತೆ ಹೇಗಿದ್ದರೂ ಹೋಗುತ್ತಾರೆ, ಹಾಗಾಗಿ ಚಿತ್ರ ನೋಡಿದವರನ್ನು ಆಸ್ಪತ್ರೆಗೆ ಮುಟ್ಟಿಸುವ ದಾರಿ ಮೊದಲೇ ಸಿದ್ಧವಾಗಿದೆ. ದುಡ್ಡು ಕೊಡುವವರು ಕೇಳುವುದೂ ಇದನ್ನೇ: ಚಿತ್ರ ನೋಡಿದ ಮೇಲೆ ಜನ ಎಲ್ಲಿಗೆ ಹೋಗಬೇಕು?

ಮುಪ್ಪಿನ ಮರೆವು ನಿಮ್ಮ ವಿಷಯವಾದರೆ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇನ್ನೊಂದು ಅನುಕೂಲವಿದೆ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಶುರು ಮಾಡಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮದ ಮೊದಲ ಪ್ರಯೋಗಕ್ಕೆ ಆಯ್ದ ಜಿಲ್ಲೆಗಳಲ್ಲಿ ಇವೆರಡೂ ಇದ್ದವು. ತುಮಕೂರಿನ ತುರುವೇಕೆರೆಯಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಊರಿನಲ್ಲೇ ಗುರುತಿಸಿ ಚಿಕಿತ್ಸೆ ಕೊಡುವ ಕೆಲಸವನ್ನು ನಿಮ್ಹಾನ್ಸ್ ವರ್ಷಗಟ್ಟಲೆ ಮಾಡಿದೆ. ಅರ್ಜಿಯಲ್ಲಿ ಇಂಥ ಒಂದು ಸಾಲು ಇದ್ದರೆ ವಿಷಯ ನೆಲದ್ದು ಅನ್ನಿಸುತ್ತದೆ.

ಅಂಕಿ ಬೇಕೆಂದರೆ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯದು ಸಾಕು: ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ. ಕಾಯಿಲೆಯ ಬಗೆಗೆ ತಕ್ಕಂತೆ ಶೇ 70ರಿಂದ 92 ಮಂದಿಗೆ ಚಿಕಿತ್ಸೆಯೇ ಇಲ್ಲ. ಅದು ದೇಶದ ಲೆಕ್ಕ. ಅದನ್ನು ನಿಮ್ಮ ತಾಲ್ಲೂಕಿನ ಜನಸಂಖ್ಯೆಗೆ ಗುಣಿಸಿ ‘ನಮ್ಮಲ್ಲಿ ಇಷ್ಟು ಸಾವಿರ ರೋಗಿಗಳು’ ಎಂದು ಬರೆಯಬೇಡಿ. ಓದುವವರಲ್ಲಿ ಒಬ್ಬರು ವೈದ್ಯರಿದ್ದರೆ ಅರ್ಜಿ ಅಲ್ಲಿಗೇ ಮುಗಿಯಿತು.

ದುಡ್ಡಿಗಿಂತ ಮೊದಲು ಒಂದು ಪತ್ರ

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗೆ ಒಂದು ಪುಟದ ಕನ್ನಡ ಅರ್ಜಿ, ಆ ತಂಡದ ಮನೋವೈದ್ಯರಿಗೆ ಪ್ರತಿ, ಜೊತೆಗೆ ಎರಡು ಪುಟದ ಕಥಾಸಾರ. ಕೇಳಬೇಕಾದದ್ದು ದುಡ್ಡಲ್ಲ. ‘ಚಿತ್ರಕಥೆ ನೋಡಿದ್ದೇವೆ, ವೈದ್ಯಕೀಯವಾಗಿ ತಪ್ಪಿಲ್ಲ, ಪ್ರದರ್ಶನದ ದಿನ ನಮ್ಮ ಸಿಬ್ಬಂದಿ ಬರುತ್ತಾರೆ’ ಎಂಬ ಪತ್ರ. ಈ ಕಾರ್ಯಕ್ರಮಕ್ಕೆ ಪ್ರಚಾರದ ಬಾಬ್ತಿನಲ್ಲಿ ಸ್ವಲ್ಪ ಹಣ ಇರುತ್ತದೆ, ಆದರೆ ಅದು ಗೋಡೆಬರಹ, ಕರಪತ್ರ, ಬೀದಿನಾಟಕಕ್ಕೆ ಹಂಚಿಹೋಗುತ್ತದೆ. ಚಿತ್ರದ ಪೂರ್ತಿ ಖರ್ಚು ಅಲ್ಲಿಂದ ಬರುವುದಿಲ್ಲ. ಪತ್ರ ಸಿಕ್ಕರೆ ಮಾತ್ರ ಮಿಕ್ಕ ಬಾಗಿಲುಗಳು ತೆರೆಯುತ್ತವೆ.

ವೈದ್ಯರಿಗೆ ಮೂರು ಸಲ ತೋರಿಸಿ: ಕಥಾಸಾರ, ಸಂಭಾಷಣೆ, ಕಚ್ಚಾ ಸಂಕಲನ. ಅವರು ಸಾಮಾನ್ಯವಾಗಿ ಅಡ್ಡ ಗೆರೆ ಎಳೆಯುವ ಜಾಗಗಳನ್ನು ಮೊದಲೇ ತಿಳಿದಿದ್ದರೆ ಒಂದು ಸುತ್ತು ಉಳಿಯುತ್ತದೆ. ಒಂದೇ ಇಂಜೆಕ್ಷನ್‌ಗೆ ಬಾಣಂತಿ ನಗುತ್ತಾ ಎದ್ದು ಕೂರುವುದು ಸುಳ್ಳು, ಚೇತರಿಕೆಗೆ ವಾರಗಳು ಬೇಕು. ಆತ್ಮಹತ್ಯೆಗೆ ಯತ್ನಿಸಿದವರನ್ನು ಪೊಲೀಸರು ಹಿಡಿದೊಯ್ಯುವ ದೃಶ್ಯವೂ ತಪ್ಪು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಂ ಅವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ. ಸಾವಿನ ವಿಧಾನ, ಬಳಸಿದ ವಸ್ತು, ಬರೆದಿಟ್ಟ ಚೀಟಿ ಇವನ್ನು ತೆರೆಯ ಮೇಲೆ ತರಬೇಡಿ. ಚಿತ್ರ ಮಾಡುವವರಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೈಪಿಡಿ ಹೊರತಂದಿದೆ, ಅದನ್ನು ಪಾಲಿಸುತ್ತೇವೆಂದು ಅರ್ಜಿಯಲ್ಲೇ ಒಂದು ಸಾಲು ಹಾಕಿ.

ಇನ್ನೊಂದು ತಪ್ಪು ವೈದ್ಯರ ಕಣ್ಣಿಗೆ ಬೀಳದಿರಬಹುದು, ಊರವರ ಕಣ್ಣಿಗೆ ಬೀಳುತ್ತದೆ. ತಾಯಿತ ಕಟ್ಟಿಸಿದ ಅತ್ತೆಯನ್ನು ಪೆದ್ದಿಯಂತೆ ತೋರಿಸಿದರೆ, ನೋಡುವ ಅತ್ತೆಯಂದಿರು ಎದ್ದು ಹೋಗುತ್ತಾರೆ. ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದೋ ಬೇಡವೋ ಎಂದು ತೀರ್ಮಾನಿಸುವವರು ಅವರೇ. ದೇವರಿಗೆ ಹರಕೆ ಹೊತ್ತುಕೊಂಡೇ ಆಸ್ಪತ್ರೆಗೂ ಹೋಗುವ ಅತ್ತೆಯ ಪಾತ್ರ ಹೆಚ್ಚು ಕೆಲಸ ಮಾಡುತ್ತದೆ.

ಯಾರ ಹತ್ತಿರ ಕೇಳಬಹುದು

ದೊಡ್ಡ ಬಾಗಿಲು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ. ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ ಹಿಂದಿನ ವರ್ಷದ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾನಿರುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದೂ ಅದರಲ್ಲಿದೆ. ನರಸಾಪುರ, ವೇಮಗಲ್, ಮಾಲೂರು, ಗೌರಿಬಿದನೂರು, ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶಗಳ ಸುತ್ತಲಿನ ಊರುಗಳನ್ನು ನಿಮ್ಮ ಪಟ್ಟಿಯಲ್ಲಿ ಸೇರಿಸಿಕೊಳ್ಳಿ ಎನ್ನುವುದು ಇದಕ್ಕೇ. ಕಾರ್ಖಾನೆಯಿಂದ 60 ಕಿಲೋಮೀಟರ್ ದೂರದ ಊರಿಗೆ ಅವರು ಯಾಕೆ ದುಡ್ಡು ಕೊಡಬೇಕು?

ಆರೋಗ್ಯ, ರೋಗ ತಡೆ ಎರಡೂ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಇವೆ. ಆದರೆ ಒಂದೇ ಸಲದ ಕಾರ್ಯಕ್ರಮ, ಜಾಹೀರಾತು, ಟಿವಿ ಕಾರ್ಯಕ್ರಮದ ಪ್ರಾಯೋಜಕತ್ವ ಇಂಥವು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಎಂದು ಕೇಂದ್ರ ಸರ್ಕಾರ 2014ರಲ್ಲೇ ಸ್ಪಷ್ಟಪಡಿಸಿದೆ. ಬರಿ ‘ಕಿರುಚಿತ್ರ ನಿರ್ಮಾಣ’ ಎಂಬ ಅರ್ಜಿ ಕಂಪನಿಯ ಲೆಕ್ಕಪರಿಶೋಧಕರ ಕಣ್ಣಿಗೆ ಜಾಹೀರಾತಿನಂತೆ ಕಾಣುತ್ತದೆ. ಆರು ತಿಂಗಳು, 20 ಊರು, ಆಸ್ಪತ್ರೆಗೆ ಜೋಡಣೆ, ಕೊನೆಗೆ ವರದಿ ಎಂದಿದ್ದರೆ ಅದು ಆರೋಗ್ಯ ಯೋಜನೆ. ಕಂಪನಿಯ ಹೆಸರು ಆರಂಭದಲ್ಲಿ 5 ಸೆಕೆಂಡ್ ಬರಲಿ. ಅದಕ್ಕಿಂತ ಹೆಚ್ಚು, ಅಂದರೆ ಉತ್ಪನ್ನವೋ ಮಾಲೀಕರ ಭಾಷಣವೋ ಸೇರಿದರೆ, ಅವರಿಗೇ ತೊಂದರೆ ಎಂದು ನೀವೇ ತಿಳಿಸಿ ಹೇಳಬಹುದು.

ನಿರ್ದೇಶಕರ ಸ್ವಂತ ಖಾತೆಗೆ ಈ ಹಣ ಅನುದಾನವಾಗಿ ಬರುವುದಿಲ್ಲ. ಪಡೆಯುವ ಸಂಸ್ಥೆ ಟ್ರಸ್ಟ್, ಸೊಸೈಟಿ ಅಥವಾ ಲಾಭರಹಿತ ಕಂಪನಿಯಾಗಿರಬೇಕು. ಆದಾಯ ತೆರಿಗೆ ಇಲಾಖೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದೇಣಿಗೆ ಕೊಟ್ಟವರಿಗೆ ವಿನಾಯಿತಿ) ನೋಂದಣಿ ಬೇಕು. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಿಎಸ್‌ಆರ್–1 ಅರ್ಜಿ ತುಂಬಿ ಸಂಖ್ಯೆ ಪಡೆದಿರಬೇಕು. ಅದೇ ಬಗೆಯ ಕೆಲಸದಲ್ಲಿ ಮೂರು ವರ್ಷದ ಅನುಭವ ತೋರಿಸಬೇಕು. ಏಳು ಜನ ಸೇರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಹೊಸ ಸಂಘ ಕಟ್ಟುವುದು ಸುಲಭ, ಆದರೆ ಮೂರು ವರ್ಷದ ಅನುಭವ ಎಲ್ಲಿಂದ ತರುತ್ತೀರಿ? ಚಿತ್ರಕ್ಕಾಗಿಯೇ ಟ್ರಸ್ಟ್ ಮಾಡುವುದು ಈ ದಾರಿಯ ಅತಿ ಸಾಮಾನ್ಯ ಎಡವಟ್ಟು. ಜಿಲ್ಲೆಯಲ್ಲಿ ಆಗಲೇ ಆರೋಗ್ಯ ಅಥವಾ ಅಂಗವಿಕಲರ ಕೆಲಸ ಮಾಡುತ್ತಿರುವ ಸಂಸ್ಥೆಯನ್ನು ಹಿಡಿಯಿರಿ. ಯೋಜನೆ ಅವರ ಹೆಸರಿನಲ್ಲಿ, ಚಿತ್ರ ನಿಮ್ಮ ಕೈಯಲ್ಲಿ. ಕಂಪನಿಯೇ ನೇರವಾಗಿ ಕೆಲಸ ಮಾಡಿಸಿ ನಿಮ್ಮಿಂದ ಬಿಲ್ ಪಡೆಯುವ ಇನ್ನೊಂದು ದಾರಿಯೂ ಉಂಟು. ಆಗ ವೃತ್ತಿ ಶುಲ್ಕದಲ್ಲಿ ಶೇ 10 ಟಿಡಿಎಸ್ (ಮುಂಗಡ ಆದಾಯ ತೆರಿಗೆ ಕಡಿತ) ಮುರಿದುಕೊಂಡೇ ಹಣ ಬರುತ್ತದೆ, ಕೈಗೆ ಬರುವ ಮೊತ್ತವನ್ನು ಹಾಗೆಯೇ ಲೆಕ್ಕ ಹಾಕಿ.

ದುಡ್ಡು ಬೇಡವೆನ್ನಬೇಕಾದ ಕಡೆಯೂ ಇದೆ. ಸಾಲದ ಒತ್ತಡದ ಕುರಿತ ಚಿತ್ರಕ್ಕೆ ಕಿರುಸಾಲ ಕಂಪನಿಯ ಹಣ, ಕುಡಿತದ ಚಿತ್ರಕ್ಕೆ ಮದ್ಯದ ಹಣ ತಂದರೆ ಮೊದಲ ಪ್ರದರ್ಶನದಲ್ಲೇ ಊರವರು ಕೇಳುತ್ತಾರೆ. ಔಷಧ ಕಂಪನಿಯ ಹಣವಾದರೆ ಚಿತ್ರದಲ್ಲಿ ಯಾವ ಮಾತ್ರೆಯ ಹೆಸರೂ ಡಬ್ಬಿಯೂ ಕಾಣಬಾರದೆಂದು ಒಪ್ಪಂದದಲ್ಲೇ ಬರೆಸಿ.

ರೋಟರಿ, ಲಯನ್ಸ್‌ನಂಥ ಕ್ಲಬ್ಬುಗಳು ಸಣ್ಣ ಮೊತ್ತಕ್ಕೆ ಸರಿ: ಪ್ರೊಜೆಕ್ಟರ್ ಬಾಡಿಗೆ, ಐದು ಊರಿನ ಸಭೆ, ಊಟ. ರೋಟರಿಯ ವರ್ಷ ಜುಲೈ 1ಕ್ಕೆ ಶುರು. ಹಾಗಾಗಿ ಹಾಲಿ ಅಧ್ಯಕ್ಷರಿಗಿಂತ ಮುಂದಿನ ಅಧ್ಯಕ್ಷರನ್ನು ಏಪ್ರಿಲ್–ಮೇ ಹೊತ್ತಿಗೇ ಕಾಣಬೇಕು, ಅವರು ಆಗ ಹೊಸ ಕೆಲಸಗಳನ್ನು ಹುಡುಕುತ್ತಿರುತ್ತಾರೆ.

ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲೆಯ ಪ್ರಯೋಗಗಳಿಗೆ ಅನುದಾನ ಕೊಡುತ್ತದೆ, ಕನ್ನಡದಲ್ಲೇ ಅರ್ಜಿ ಬರೆಯಬಹುದು. ಆದರೆ ಅಲ್ಲಿ ಜಾಗೃತಿ ಎಂಬ ಮಾತು ನಡೆಯದು, ರೂಪದಲ್ಲಿ ನೀವೇನು ಹೊಸದು ಹುಡುಕುತ್ತಿದ್ದೀರಿ ಎಂದು ಹೇಳಬೇಕು. ಮುಂಬೈಯ ಮಾರಿವಾಲಾ ಹೆಲ್ತ್ ಇನಿಶಿಯೇಟಿವ್ ಮಾನಸಿಕ ಆರೋಗ್ಯಕ್ಕೇ ಹಣ ಕೊಡುವ ಸಂಸ್ಥೆ, ಆದರೆ ಅದರ ಒಲವು ಸಮುದಾಯದೊಳಗೆ ಕೆಲಸ ಮಾಡುವ ಸಂಸ್ಥೆಗಳ ಕಡೆಗೆ. ರಾಜ್ಯ ಸರ್ಕಾರದ ಸಿನಿಮಾ ಸಹಾಯಧನ ಮುಖ್ಯವಾಗಿ ಪೂರ್ಣಾವಧಿ ಚಿತ್ರಗಳದ್ದು, ಅದನ್ನು ನೆಚ್ಚಬೇಡಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2015ರಿಂದ ಕಿರುಚಿತ್ರ ಸ್ಪರ್ಧೆ ನಡೆಸುತ್ತಿದೆ. ಮೊದಲ ಬಹುಮಾನ 2 ಲಕ್ಷ ರೂಪಾಯಿವರೆಗೆ ಇದ್ದದ್ದುಂಟು, ಪ್ರವೇಶ ಶುಲ್ಕವಿಲ್ಲ, ಕನ್ನಡ ಚಿತ್ರಕ್ಕೆ ಇಂಗ್ಲಿಷ್ ಅಡಿಬರಹ ಬೇಕು. ಚಿತ್ರ 10 ನಿಮಿಷ ಮೀರಬಾರದೆಂಬುದು ಅಲ್ಲಿನ ನಿಯಮವಾದ್ದರಿಂದ 12 ನಿಮಿಷದ್ದರಿಂದ ಒಂದು ಕಿರಿಯ ಪ್ರತಿಯನ್ನು ಸಂಕಲನದ ಹೊತ್ತಿಗೇ ತೆಗೆದಿಡಿ. ಬಹುಮಾನದ ಹಣವನ್ನು ಬಜೆಟ್ಟಿನಲ್ಲಿ ಆದಾಯವೆಂದು ಬರೆಯುವಂತಿಲ್ಲ, ಅಷ್ಟೇ.

ಊರವರಿಂದ ಚಂದಾ ಎತ್ತುವುದಾದರೆ ವೈಯಕ್ತಿಕ ಫೋನ್‌ಪೇ ಸಂಖ್ಯೆ ಹಾಕಬೇಡಿ. ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಬಂದದ್ದು 50,000 ರೂಪಾಯಿ ಮೀರಿದರೆ ಪೂರ್ತಿ ಮೊತ್ತ ನಿಮ್ಮ ಆದಾಯವಾಗಿ ತೆರಿಗೆಗೆ ಸೇರುತ್ತದೆ. 80ಜಿ ಇರುವ ಸಂಸ್ಥೆಯ ಖಾತೆಗೆ ಹಾಕಿಸಿ. ನಗದು 2,000 ದಾಟಿದರೆ ಕೊಟ್ಟವರಿಗೆ ವಿನಾಯಿತಿ ಇಲ್ಲ. ವಿದೇಶಿ ಪೌರತ್ವ ಪಡೆದ ನೆಂಟರಿಷ್ಟರು ಕಳಿಸುವ ಹಣ ವಿದೇಶಿ ದೇಣಿಗೆ ಕಾಯ್ದೆಗೆ ಒಳಪಡುತ್ತದೆ. ಆ ನೋಂದಣಿ ಇರುವ ಸಂಸ್ಥೆಯೂ 2020ರ ತಿದ್ದುಪಡಿಯ ಬಳಿಕ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಬಜೆಟ್

ಮೂರು ದಿನದ ಚಿತ್ರೀಕರಣ, ಒಂದು ಮನೆ, ಒಂದು ಓಣಿ, ಒಂದು ತಾಲ್ಲೂಕು ಆಸ್ಪತ್ರೆ, 20 ಜನರ ತಂಡ ಎಂದಿಟ್ಟುಕೊಂಡು ಮಾದರಿ ಲೆಕ್ಕ ಹೀಗೆ. ಚಿತ್ರಕಥೆ, ವೈದ್ಯರ ಸಲಹೆ 15,000. ಛಾಯಾಗ್ರಾಹಕರು, ಕ್ಯಾಮೆರಾ, ಲೆನ್ಸ್ 60,000. ದೀಪ, ಜನರೇಟರ್ 25,000. ಸ್ಥಳದಲ್ಲೇ ಧ್ವನಿಮುದ್ರಣ 30,000. ಕಲಾವಿದರು 35,000. ಉಡುಪು, ಪ್ರಸಾಧನ, ಸಾಮಗ್ರಿ 15,000. ಊಟ ತಲೆಗೆ ದಿನಕ್ಕೆ 350ರಂತೆ 21,000, ವಾಹನ 24,000. ಸಂಕಲನ, ಬಣ್ಣ ತಿದ್ದುವಿಕೆ 30,000, ಧ್ವನಿ ಮಿಶ್ರಣ 20,000, ಸಂಗೀತ 15,000. ತೆಲುಗು ಡಬ್ಬಿಂಗ್ 15,000, ಅಡಿಬರಹ 5,000, ಪ್ರಮಾಣಪತ್ರ ಮತ್ತು ಕಾಗದಪತ್ರ 10,000. ಒಟ್ಟು 3,20,000. ಆಕಸ್ಮಿಕಕ್ಕೆ ಶೇ 10 ಸೇರಿಸಿ 3,52,000.

ತೆಲುಗು ಡಬ್ಬಿಂಗನ್ನು ‘ಆಮೇಲೆ ನೋಡೋಣ’ ಎಂದು ಬಿಡುವವರು ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡದ ಗಡಿ ಊರುಗಳಿಗೆ ಹೋದಾಗ ತಿಳಿದುಕೊಳ್ಳುತ್ತಾರೆ. ಅಲ್ಲಿ ಕನ್ನಡ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಮನೆಯೊಳಗಿನ ಸಂಕಟ ತೆಲುಗಿನಲ್ಲೇ ಇರುತ್ತದೆ. ಡಬ್ಬಿಂಗ್ ಆಗಬೇಕಾದರೆ ಸಂಭಾಷಣೆ, ಹಿನ್ನೆಲೆ ಸದ್ದು, ಸಂಗೀತ ಮೂರೂ ಬೇರೆ ಬೇರೆ ಧ್ವನಿ ಟ್ರ್ಯಾಕುಗಳಲ್ಲಿ ಉಳಿದಿರಬೇಕು. ಮಿಶ್ರಣ ಮಾಡುವವರಿಗೆ ಮೊದಲೇ ಹೇಳದಿದ್ದರೆ ಎಲ್ಲ ಕಲೆಸಿದ ಒಂದೇ ಕಡತ ಕೈಗೆ ಬಂದು, ಮತ್ತೆ 20,000 ಬೇಕಾಗುತ್ತದೆ.

ಇನ್ನು ಪ್ರದರ್ಶನ: ಪ್ರೊಜೆಕ್ಟರ್, ಪರದೆ, ಸ್ಪೀಕರ್ ಬಾಡಿಗೆ 3,500, ವಾಹನ 2,000, ಮಾತಾಡಿಸುವ ಆಪ್ತಸಮಾಲೋಚಕರಿಗೆ 1,500, ಟೀ, ಬಿಸ್ಕತ್ತು 600, ಚೀಟಿ ಮುದ್ರಣ 400. ಊರಿಗೆ 8,000, 20 ಊರಿಗೆ 1,60,000. ಮೂರು ತಿಂಗಳು ಬೆನ್ನುಹತ್ತಿ ನೋಡಿಕೊಳ್ಳುವ ಒಬ್ಬ ಸಮಾಜ ಕಾರ್ಯಕರ್ತರಿಗೆ ತಿಂಗಳಿಗೆ 18,000ದಂತೆ 54,000. ಮೊದಲ ಸಲ ಆಸ್ಪತ್ರೆಗೆ ಹೋಗುವವರ ಬಸ್ ಖರ್ಚಿಗೆ 10,000. ವರದಿ, ಲೆಕ್ಕಪರಿಶೋಧನೆ 14,000. ಎಲ್ಲ ಸೇರಿ 5,90,000.

‘ಚಿತ್ರ 3.52 ಲಕ್ಷ’ ಎಂದು ಕೇಳುವುದಕ್ಕಿಂತ ‘ಯೋಜನೆ 5.9 ಲಕ್ಷ, ಅದರಲ್ಲಿ ಚಿತ್ರ ಶೇ 60’ ಎಂದು ಕೇಳುವುದು ಸುಲಭ. ವಿಚಿತ್ರ ಅನ್ನಿಸಬಹುದು, ಹೆಚ್ಚು ಕೇಳಿದರೆ ಹೆಚ್ಚು ಸಿಗುವ ಅಪರೂಪದ ಜಾಗ ಇದು.

ಖರ್ಚು ಇಳಿಸುವ ದೊಡ್ಡ ದಾರಿ ಪಂಚಾಂಗದಲ್ಲಿದೆ. ಈ ಕಡೆಯ ಕ್ಯಾಮೆರಾ, ದೀಪ, ಹುಡುಗರು ಎಲ್ಲ ಮದುವೆ ವಿಡಿಯೊ ಮಾಡುವವರದ್ದು. ಲಗ್ನದ ದಿನಗಳಲ್ಲಿ ಅವರು ಸಿಗುವುದಿಲ್ಲ, ಸಿಕ್ಕರೂ ಮದುವೆಯ ದರ ಹೇಳುತ್ತಾರೆ. ಆಷಾಢದಲ್ಲಿ ಅಗ್ಗ, ಆದರೆ ಆಷಾಢದ ಗಾಳಿ ಮೈಕಿಗೆ ಬಡಿದು ಧ್ವನಿ ಹಾಳು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗಿನ ಧನುರ್ಮಾಸ ಹೇಳಿ ಮಾಡಿಸಿದ್ದು: ಮದುವೆಗಳಿಲ್ಲ, ಮಳೆಯಿಲ್ಲ, ಬೆಳಗಿನ ಬೆಳಕು ಮೆತ್ತಗಿರುತ್ತದೆ. ಇಲ್ಲಿಂದ ಹಿಂದಕ್ಕೆ ಎಣಿಸಿ. ಹಣದ ಮೊದಲ ಕಂತು ನವೆಂಬರ್ ಕೊನೆಯೊಳಗೆ ಬರಬೇಕು. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದ ಹೊತ್ತಿಗೆ ಒಪ್ಪಂದ. ಅದಕ್ಕಾಗಿ ಜೂನ್–ಜುಲೈಯಲ್ಲೇ ಮೊದಲ ಭೇಟಿ. ಪ್ರದರ್ಶನ ಫೆಬ್ರುವರಿ, ಮಾರ್ಚ್‌ನಲ್ಲಿ. ಮಾವಿನ ಕಾಲ ಬಂದ ಮೇಲೆ ಶ್ರೀನಿವಾಸಪುರದ ಕಡೆ ಸಭೆಗೆ ಜನ ಸೇರಿಸುವುದು ಆಗದ ಮಾತು.

ಕಂತುಗಳು ಸಾಮಾನ್ಯವಾಗಿ ಶೇ 40, 40, 20. ಕೊನೆಯ 20 ಬರುವುದು ಹಣ ಬಳಕೆ ಪ್ರಮಾಣಪತ್ರ ಕೊಟ್ಟು ಎರಡು ಮೂರು ತಿಂಗಳಾದ ಮೇಲೆ. ಸಂಕಲನಕಾರರ ಸಂಬಳವನ್ನು ಆ ಕಂತಿಗೆ ಜೋಡಿಸಿದರೆ ಚಿತ್ರ ಅವರ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಚಿತ್ರದ ಖರ್ಚೆಲ್ಲ ಮೊದಲ ಎರಡು ಕಂತಿನಲ್ಲಿ ಮುಗಿಯಲಿ.

ಒಪ್ಪಿಗೆ, ಅನುಮತಿ

ನಿಜವಾದ ರೋಗಿಯನ್ನು ತೋರಿಸುವ ಆಸೆ ಬಿಡಿ. 2017ರ ಕಾಯ್ದೆಯ 24ನೇ ಕಲಂ ಪ್ರಕಾರ ಚಿಕಿತ್ಸೆಯಲ್ಲಿರುವವರ ಚಿತ್ರವನ್ನಾಗಲಿ ಮಾಹಿತಿಯನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಗಂಡನೋ ಅಣ್ಣನೋ ಹಾಕಿದ ಸಹಿ ಅವರ ಸಹಿಯ ಜಾಗಕ್ಕೆ ಬಾರದು. ಮುಖ ಮಸುಕು ಮಾಡಿದರೆ ಸಾಕೆಂಬುದು ಪೇಟೆಯ ಎಣಿಕೆ. ಊರಿನಲ್ಲಿ ದನದ ಕೊಟ್ಟಿಗೆ, ಬಾಗಿಲ ಬಣ್ಣ, ಕೆಮ್ಮಿನ ಸದ್ದಿನಿಂದಲೇ ಯಾರ ಮನೆಯೆಂದು ಗೊತ್ತಾಗುತ್ತದೆ. ಕಲಾವಿದರಿಂದ ಮಾಡಿಸಿ, ಕತೆಯ ಮೂಲ ಸಿಕ್ಕ ಊರಿಗಿಂತ ಕನಿಷ್ಠ ಒಂದು ತಾಲ್ಲೂಕು ಆಚೆ ಚಿತ್ರೀಕರಿಸಿ.

ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಹಸು, ಕೋಳಿ ಪಾತ್ರ ವಹಿಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆಯನ್ನೂ ತರಬೇಕು. ಹಾಲು ಕರೆಯುವ ದೃಶ್ಯ ಕತೆಗೆ ಬೇಕೇ ಬೇಕೆ ಎಂದು ಎರಡು ಸಲ ಯೋಚಿಸಿ. ಹಳೆಯ ಸಿನಿಮಾ ಹಾಡು ಹಿನ್ನೆಲೆಯ ರೇಡಿಯೊದಲ್ಲಿ ಕೂಡ ಕೇಳಿಸಬಾರದು, ಹಕ್ಕಿನ ತಕರಾರು ಬರುತ್ತದೆ.

ಪ್ರದರ್ಶನದ ಸಂಜೆ

ಡೇರಿಗೆ ಹಾಲು ಹಾಕಿ ಮುಗಿದ ಮೇಲೆ, ಕತ್ತಲಾದ ಬಳಿಕ, ಸುಮಾರು 7.15ಕ್ಕೆ ಶುರು ಮಾಡಿ. ರಾತ್ರಿ 10ರ ಮೇಲೆ ಧ್ವನಿವರ್ಧಕ ನಿಷೇಧ. ಡೇರಿ ಮುಂದಿನ ಬಯಲಾದರೆ ಕನಿಷ್ಠ 3,000 ಲ್ಯೂಮೆನ್ಸ್ ಪ್ರೊಜೆಕ್ಟರ್, 8 ಅಡಿ ಅಗಲದ ಬಿಗಿಯಾದ ಪರದೆ, ಕರೆಂಟ್ ಹೋದರೆ ಒಂದು ಗಂಟೆ ಎಳೆಯುವ ಇನ್ವರ್ಟರ್. ಹೆಂಗಸರೊಡನೆಯೇ ಮಾತಾಡಬೇಕಾದ ಬಾಣಂತಿ ಸನ್ನಿಯಂಥ ವಿಷಯಕ್ಕೆ ಇದೆಲ್ಲಕ್ಕಿಂತ ಮಧ್ಯಾಹ್ನ ಸಮುದಾಯ ಭವನದಲ್ಲಿ ಸ್ವಸಹಾಯ ಸಂಘದ ಸಭೆ, 43 ಇಂಚಿನ ಟಿವಿ, 30 ಜನ ಸಾಕು. ಖರ್ಚೂ ಅರ್ಧ.

12 ನಿಮಿಷದ ಚಿತ್ರಕ್ಕೆ 25 ನಿಮಿಷದ ಮಾತು ಇಟ್ಟುಕೊಳ್ಳಿ. “ನಮ್ಮೂರಲ್ಲಿ ಇಂಥೋರು ಯಾರಿದಾರೆ?” ಎಂದು ಕೇಳಬೇಡಿ, ಹತ್ತು ಬೆರಳು ಒಂದೇ ಮನೆ ಕಡೆ ತಿರುಗುತ್ತವೆ. ಯಾರ ಹೆಸರೂ ಎತ್ತಬಾರದೆಂದು ಆಶಾ ಕಾರ್ಯಕರ್ತೆಗೂ ಮೊದಲೇ ಹೇಳಿರಿ. ಸಭೆ ಮುಗಿದ ಮೇಲೆ ಸಮಾಲೋಚಕರು ಅರ್ಧ ಗಂಟೆ ಸುಮ್ಮನೆ ಕೂತಿರಲಿ. ಕೇಳಬೇಕಾದವರು ಲೋಟ ಎತ್ತಿಡುವ ನೆಪದಲ್ಲಿ ಬರುತ್ತಾರೆ.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಕೇಳಿಕೊಂಡು ಆ ದಿನಕ್ಕೆ ಮೂರು ನಾಲ್ಕು ದಿನ ಮುಂಚೆ ಆ ಕಡೆಯ ಪ್ರದರ್ಶನ ಇಟ್ಟುಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಅದನ್ನು ಚಿತ್ರದ ಕೊನೆಯಲ್ಲಿ ಬರಿ ಅಕ್ಷರದಲ್ಲಿ ತೋರಿಸದೆ ‘ಒಂದು ನಾಲ್ಕು ನಾಲ್ಕು ಒಂದು ಆರು’ ಎಂದು ಎರಡು ಸಲ ಹೇಳಿಸಿ. ತೆಲುಗು ಪ್ರತಿಯಲ್ಲಿ ತೆಲುಗಿನಲ್ಲಿ.

ವರದಿಗೆ ಬೇಕಾದ ಲೆಕ್ಕ ಮೂರೇ: ಊರಿಗೆ ಎಷ್ಟು ಜನ ಬಂದರು, ಸಭೆಯ ಬಳಿಕ ಎಷ್ಟು ಜನ ಪ್ರತ್ಯೇಕವಾಗಿ ಕೇಳಿದರು, ಮುಂದಿನ ಎರಡು ಮಂಗಳವಾರ ಆ ಊರುಗಳಿಂದ ಎಷ್ಟು ಜನ ಹೊಸದಾಗಿ ಆಸ್ಪತ್ರೆಗೆ ಹೋದರು. ಕೊನೆಯದನ್ನು ಆಸ್ಪತ್ರೆಯವರಿಂದ ಸಂಖ್ಯೆಯಾಗಿ ಮಾತ್ರ ಪಡೆಯಿರಿ, ಹೆಸರು ಬೇಡ. ಸಭೆಯ ಫೋಟೊಗಳನ್ನು ಜನರ ಬೆನ್ನ ಹಿಂದಿನಿಂದ ತೆಗೆಯಿರಿ. ಎರಡೂ ಭಾಷೆಯ ಪ್ರತಿಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ ಜಿಲ್ಲಾ ಆರೋಗ್ಯ ಕಚೇರಿಗೂ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಒಂದೊಂದು ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಆ ಸ್ವೀಕೃತಿಗಳನ್ನು ವರದಿಗೆ ಲಗತ್ತಿಸಿದರೆ ಕೊನೆಯ ಕಂತಿನ ಕಡತ ಬೇಗ ಸರಿಯುತ್ತದೆ.